ಊಟವಾದ ಮೇಲೆ ಎರಡು ಗುಳಿಗೆ

ಜಡ್ಡು ಬಿದ್ದು ಎದ್ದವರೆಲ್ಲ ತಮಗೆ ಸಹಾಯ ಮಾಡಿದವರನ್ನು ನೆನೆದು ಬರೆಯುತ್ತಾರೆ. ನನಗೆ ಮೊದಲು ನೆನಪಾಗುವವರು ಸಿಟ್ಟು ತರಿಸಿದವರು. ಅದರಲ್ಲಿ ನನ್ನ ತಮ್ಮ ಶೇಖಪ್ಪನಿದ್ದಾನೆ, ಬಾಜೂ ಹಾಸಿಗೆಯ ಇಮಾಮಸಾಬನಿದ್ದಾನೆ, ನನ್ನ ಹೆಂಡತಿ ಗಿರಿಜಾ ಇದ್ದಾಳೆ. ನಾನೂ ಇದ್ದೇನೆ, ಆದರೆ ಅದನ್ನು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು. ಹೃದಯದ ಕಾಯಿಲೆ ಮೊದಲೇ ಇದ್ದು, ಅದರ ಮೇಲೆ ಕೊರೊನಾ ಬಂದು, ಅದರ ಮೇಲೆ ಹಟವೂ ಇರುವ ಮನುಷ್ಯ ನಾನೊಬ್ಬನೇ ಇರಲಿಕ್ಕಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಓದಿ ನಗುವುದಾದರೆ ನಗಲಿ.

ಮಿಶ್ರಿಕೋಟಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಪಂಪು ಸುಟ್ಟರೆ ಸುತ್ತಲಿನ ಹಳ್ಳಿಯವರು ಟಂಟಂ ಗಾಡಿಯಲ್ಲಿ ಹಾಕಿಕೊಂಡು ನನ್ನ ಕಡೆಗೇ ತರುತ್ತಾರೆ. ಒಂದು ದಿನ ತಾಮ್ರದ ತಂತಿ ಸುತ್ತುತ್ತಿದ್ದಾಗ ಎಡಗೈ ಸತ್ತಂತಾಯಿತು, ಎದೆಯ ಮೇಲೆ ಯಾರೋ ಮೋಟರ್ ಇಟ್ಟಂತಾಯಿತು. ಹುಬ್ಬಳ್ಳಿಗೆ ಒಯ್ದು ಸ್ಟೆಂಟ್ ಹಾಕಿಸಿದರು. ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು ಎರಡು ಗುಳಿಗೆ ಬರೆದುಕೊಟ್ಟು ಹೇಳಿದ್ದರು: "ಇವನ್ನ ಒಂದು ದಿವಸಾನೂ ತಪ್ಪಿಸಬಾರದು. ದಿನಾ ಊಟ ಆದ ಮೇಲೆ. ತಪ್ಪಿಸಿದ್ರೆ ಹಾಕಿದ ಸ್ಟೆಂಟ್ ಒಳಗೇ ಮುಚ್ಚಿಕೊಳ್ತದೆ."

ಊಟವಾದ ಮೇಲೆ ಎಂಬ ಆ ಮಾತು ನನಗೆ ಬೇರೆ ರೀತಿ ಕೇಳಿಸಿತು. ನಮ್ಮ ಮನೆಯಲ್ಲಿ ಸ್ನಾನ ಮಾಡಿ, ಕೊರಳಲ್ಲಿರುವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಬಾಯಿಗೆ ತುತ್ತು ಇಡುವುದಿಲ್ಲ. ಲಿಂಗ ಮೈಮೇಲಿಂದ ಬೇರೆಯಾದರೆ ಅದು ತಿರುಗಿ ಬರುವವರೆಗೆ ಅನ್ನವೇ ಇಲ್ಲ. ಎಲ್ಲರ ಮನೆಯಲ್ಲೂ ಇಷ್ಟು ಬಿಗಿ ಇರುವುದಿಲ್ಲ. ಅಪ್ಪ ಹೀಗೆ ನಡೆದಿದ್ದ, ನಾನೂ ನಲವತ್ತು ವರ್ಷ ನಡೆದೆ. ಹಾರ್ಟಿನ ಆಪರೇಶನ್ನಿನಲ್ಲೂ ನನ್ನ ನೇಮ ತಪ್ಪಲಿಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಒಳಗೆ ಒಯ್ಯುವಾಗ ಗಿರಿಜಾ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿದ್ದಳಂತೆ. ಎರಡು ದಿನ ನನಗೆ ಮೈಮೇಲೆ ಸರಿಯಾಗಿ ಖಬರಿರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಲಿಂಗ ತೋಳಿನಲ್ಲೇ ಇತ್ತು. ಅಂಗಡಿಯಲ್ಲಿ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು.

ಕೊರೊನಾ ಎರಡನೆಯ ಸಲ ಎದ್ದಾಗ ನಮ್ಮೂರ ಕಟ್ಟೆಯ ಮೇಲೆ ಈ ಸಲ ಯಾರು ಯಾರು ಹೋಗುತ್ತಾರೆ ಎಂಬ ಮಾತು ನಡೆಯುತ್ತಿತ್ತು. ದಮ್ಮಿದ್ದವರು, ಶುಗರಿದ್ದವರು, ಆಮೇಲೆ ನಾನು. "ಬಸಣ್ಣಗ ಹಾರ್ಟ್ ಐತಿ. ಅದು ಬಂತಂದ್ರ ಮುಗೀತು," ಎಂದು ನನ್ನೆದುರಿಗೇ ಅಂದರು. ಹಾರ್ಟ್ ಎಲ್ಲರಿಗೂ ಇರುತ್ತದೆ, ನಿಮಗೆ ಬುದ್ಧಿ ಇಲ್ಲ ಎಂದು ಬೈದು ಮನೆಗೆ ಬಂದೆ. ಬೈದೆನೇನೋ ಹೌದು, ಆದರೆ ಆವತ್ತಿನಿಂದ ಯಾರು ಸೀನಿದರೂ ಅಂಗಡಿಯ ಬಾಗಿಲು ಅರ್ಧ ಹಾಕಿಕೊಳ್ಳುತ್ತಿದ್ದೆ.

ಆದರೂ ಜ್ವರ ಬಂತು. ಮೂರನೆಯ ದಿನ ಮೋಟರಿಗೆ ಹಚ್ಚುವ ವಾರ್ನಿಶಿನ ವಾಸನೆ ಬರಲಿಲ್ಲ. ಅಷ್ಟು ವರ್ಷ ಆ ವಾಸನೆ ನನ್ನ ಅಂಗಿ ಬಿಟ್ಟು ಹೋಗಿರಲಿಲ್ಲ, ಗಿರಿಜಾ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಡಬ್ಬಿಯನ್ನೇ ಮೂಗಿಗೆ ಹಿಡಿದು ಕೂತೆ. ಏನೂ ಇಲ್ಲ.

ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ಹೃದಯದವರು ನೀವು, ಎದೆಯ ಸ್ಕ್ಯಾನ್ ಆಗಲೇಬೇಕು ಎಂದು ಹುಬ್ಬಳ್ಳಿಗೆ ಕಳಿಸಿದರು. ಸ್ಕ್ಯಾನಿನ ಮನೆಯ ಹೊರಗೆ ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಜನ ಕೂತಿದ್ದರು. ಒಬ್ಬ ಕೆಮ್ಮಿದರೆ ಉಳಿದವರು ಅವನನ್ನು ತಿಂದುಬಿಡುವಂತೆ ನೋಡುತ್ತಿದ್ದರು. ನಾನೂ ಹಾಗೇ ನೋಡಿದೆ. ನಾನು ಕೆಮ್ಮಿದಾಗ ಅವರೂ ನೋಡಿದರು. ಗಿರಿಜಾ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಒಳಗೆ ಯಂತ್ರ ನಡೆಸುವವನು ಮೈತುಂಬ ಪ್ಲಾಸ್ಟಿಕ್ ತೊಟ್ಟಿದ್ದ, ಎರಡು ಕಣ್ಣಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. "ಕೊರಳಾಗಿಂದು ತಗೀರಿ. ಬೆಳ್ಳಿ ನಡ್ಯೂದಿಲ್ಲ," ಎಂದ.

"ಬೆಳ್ಳಿ ಕರಡಿಗಿ ಅಷ್ಟ ತಗದ ಕೊಡ್ತೀನಿ. ಒಳಗಿನ ಲಿಂಗ ಕೈಯಾಗ ಹಿಡ್ಕೋತೀನಿ."

"ಕೈ ತಲಿ ಮ್ಯಾಲ ಎತ್ತಿ ಮಲಗಬೇಕ್ರಿ. ಹೊರಗ ಇನ್ನೂ ಇಪ್ಪತ್ತ ಮಂದಿ ಕುಂತಾರ. ತಗೀತೀರೊ, ಮನಿಗೆ ಹೋಗ್ತೀರೊ?"

ಹಲ್ಲು ಕಚ್ಚಿ ತೆಗೆದುಕೊಟ್ಟೆ. ಅವನು ಅದನ್ನು ಒಂದು ಚೀಲಕ್ಕೆ ಹಾಕಿ ಹೊರಗೆ ಗಿರಿಜಾಳ ಕೈಗೆ ಕೊಟ್ಟ. ಸ್ಕ್ಯಾನ್ ಮುಗಿದ ಕೂಡಲೇ ನನ್ನನ್ನು ಹಿಂದಿನ ಬಾಗಿಲಿನಿಂದ ಗಾಡಿಗೆ ಹತ್ತಿಸಿದರು. ಆಕೆ ಮುಂದಿನ ಬಾಗಿಲಲ್ಲಿ ಕಾಯುತ್ತಿದ್ದಳು. ನನ್ನ ಲಿಂಗ, ನನ್ನ ಲಿಂಗ ಎಂದು ನಾನು ಹೇಳುತ್ತಿದ್ದಂತೆಯೇ ಬಾಗಿಲು ಹಾಕಿಕೊಂಡರು. ಆಕೆಯನ್ನು ಊರಿಗೆ ಕಳಿಸಿ, ನಮ್ಮ ಮನೆಯ ಮುಂದೆ ಬಿದಿರಿನ ಪಟ್ಟಿ ಬಡಿದು, ಯಾರೂ ಒಳಗೆ ಹೋಗಬಾರದು ಹೊರಗೆ ಬರಬಾರದು ಎಂದು ಕಾಗದ ಅಂಟಿಸಿದರಂತೆ.

ದೊಡ್ಡ ಆಸ್ಪತ್ರೆಗಳಲ್ಲಿ ಹಾಸಿಗೆ ಇರಲಿಲ್ಲ. ಸಿಗುವವರೆಗೆ ಎಂದು, ಹುಬ್ಬಳ್ಳಿಯಿಂದಾಚೆ ಹಾಸ್ಟೆಲ್ಲೊಂದನ್ನು ವಾರ್ಡ್ ಮಾಡಿದ್ದಲ್ಲಿ ನನ್ನನ್ನು ಇಳಿಸಿದರು. ಒಂದು ಕೋಣೆಯಲ್ಲಿ ಹತ್ತು ಮಂಚ. ಊಟ ಹಂಚುವವನು ಬಂದಾಗ ಮೊದಲು ಅವನಿಗೆ ಹೇಳಿದೆ, ನನ್ನ ಲಿಂಗ ಮನೆಯಲ್ಲಿದೆ, ಅದು ಬರುವವರೆಗೆ ನಾನು ಉಣ್ಣುವುದಿಲ್ಲ, ಯಾರಿಂದಲಾದರೂ ತರಿಸಿಕೊಡು ಎಂದು. "ಯಜಮಾನ್ರ, ಇಲ್ಲಿ ಮಂದೀಗೆ ಉಸರ ಸಿಗವಲ್ದು. ನಿಮ್ಮದೇನಿದು ಹೊಸಾದು," ಎಂದು ಅವನು ಮುಂದಿನ ಮಂಚಕ್ಕೆ ಹೋದ. ಆಚೆ ಕಡೆಯ ಇಬ್ಬರು ನಕ್ಕರು. ಮೈ ಉರಿದುಹೋಯಿತು. ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಹಸಿವಿಲ್ಲ ಎಂದರೆ ಸಾಕಿತ್ತು, ಅಲ್ಲಿ ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ಯಾರಿಗೂ ಹಸಿವೂ ಇರಲಿಲ್ಲ, ರುಚಿಯೂ ಇರಲಿಲ್ಲ. ಸಿಸ್ಟರ್ ಬಂದು ನನ್ನ ಎರಡು ಗುಳಿಗೆ ಕೈಗಿಟ್ಟು, ಊಟ ಆದ ಮೇಲೆ ನುಂಗ್ರಿ ಎಂದು ಹೇಳಿ ಓಡುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಊಟವೇ ಇಲ್ಲದಿದ್ದರೆ ಊಟವಾದ ಮೇಲಿನ ಗುಳಿಗೆ ಎಲ್ಲಿಂದ ಬರುತ್ತದೆ? ನನ್ನ ಹಟಕ್ಕೆ ಡಾಕ್ಟರ ಚೀಟಿಯನ್ನೇ ಆಸರೆ ಮಾಡಿಕೊಂಡೆ. ಗಾದಿಯ ಅಂಚಿನಲ್ಲಿ ಹೊಲಿಗೆ ಬಿಚ್ಚಿದ ಒಂದು ಕಡೆ ಇತ್ತು, ಗುಳಿಗೆಗಳನ್ನು ಅದರೊಳಗೆ ತುರುಕುತ್ತಿದ್ದೆ. ಬಿಸಿನೀರು ಮಾತ್ರ ಕುಡಿಯುತ್ತಿದ್ದೆ. ನೀರಿಗೆ ದೋಷವಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅಪ್ಪನಿದ್ದರೆ ಅದನ್ನೂ ಒಪ್ಪುತ್ತಿರಲಿಲ್ಲ.

ಎರಡನೆಯ ದಿನ ಹೆದರಿಕೆ ಹತ್ತಿತು. ಸ್ಟೆಂಟ್ ಮುಚ್ಚಿಕೊಳ್ಳುತ್ತದೆ ಎಂಬ ಮಾತನ್ನು ನಾನೇನೂ ಮರೆತಿರಲಿಲ್ಲ. ಎಡಗಡೆ ಚೂರು ಚುಚ್ಚಿದರೂ ಬಂತು ಎಂದುಕೊಂಡು ಮಂಚದ ಸರಳು ಹಿಡಿಯುತ್ತಿದ್ದೆ. ಕೈ ಕೊರಳಿಗೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ನನಗೆ ಸಾಯಲು ಇಷ್ಟವಿರಲಿಲ್ಲ, ಇದನ್ನು ಸ್ಪಷ್ಟವಾಗಿಯೇ ಬರೆಯುತ್ತೇನೆ. ಆದರೆ ಹೆದರಿ ಉಂಡ ಎಂದು ನನಗೆ ನಾನೇ ಅಂದುಕೊಳ್ಳುವುದು ಸಾವಿಗಿಂತ ಕೆಟ್ಟದಾಗಿ ಕಾಣುತ್ತಿತ್ತು.

ತಮ್ಮನಿಗೆ ಫೋನ್ ಹಚ್ಚಿದೆ. ಶೇಖಪ್ಪನ ಮನೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. "ಶೇಖೂ, ನಮ್ಮ ಮನ್ಯಾಗ ನಿಮ್ಮ ವೈನಿ ಕಡೆ ನನ್ನ ಲಿಂಗ ಐತಿ. ಇಸಗೊಂಡು ಬಂದು ಇಲ್ಲಿ ಗೇಟಿನ್ಯಾಗ ಕೊಟ್ಟು ಹೋಗು. ಒಳಗ ಬರೂದ ಬ್ಯಾಡ."

"ಮನಿ ಮುಂದ ಪಟ್ಟಿ ಬಡದಾರಣ್ಣಾ. ಹೋಗೂಹಂಗಿಲ್ಲ."

"ಕಿಡಕ್ಯಾಗಿಂದ ಇಸಗೊ."

"ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು ಅಂತ ನೀನ ಹೇಳ್ತಿದ್ದಿಲ್ಲೇನಣ್ಣಾ," ಎಂದ.

ಅದು ನನ್ನದೇ ಮಾತು. ಅವನು ಸಣ್ಣವನಿದ್ದಾಗ ಇದೇ ಮಾತಿಗೆ ಅವನ ಕಿವಿ ಹಿಂಡಿದ್ದೆ. ಇಷ್ಟು ವರ್ಷ ಯಾವ ನೇಮವನ್ನೂ ಕಿವಿಮೇಲೆ ಹಾಕಿಕೊಳ್ಳದವನಿಗೆ ಬೇಕಾದಾಗ ಸರಿಯಾಗಿ ನೆನಪಾಯಿತು. ಹೆದರಿಕೆ ಆಗತೈತಿ ಎಂದು ನೇರವಾಗಿ ಅಂದಿದ್ದರೆ ಕ್ಷಮಿಸುತ್ತಿದ್ದೆ. ಫೋನನ್ನು ಮಂಚದ ಮೇಲೆ ಒಗೆದೆ.

ಬಾಜೂ ಮಂಚದವನು ದೇವಿಕೊಪ್ಪದ ಇಮಾಮಸಾಬ. ಹತ್ತಿ ಹಿಂಜಿ ಗಾದಿ ಹಾಕುವುದು ಅವನ ಕಸುಬು. ಬಂದ ಗಳಿಗೆಯಿಂದ ಅವನದು ಒಂದೇ ತಕರಾರು. ಇವು ಗಾದಿಗಳೇ ಅಲ್ಲ, ಹತ್ತಿಯ ಬದಲು ಚಿಂದಿ ತುಂಬಿದ್ದಾರೆ, ಮಲಗಿದವರ ಬೆನ್ನು ಏನಾಗಬೇಕು. ಸುಮ್ಮನಿರಪ್ಪಾ ಎಂದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಶುರು. ಮಾತಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ಮಾತು. ಈ ಮನುಷ್ಯನ ಬಾಯಿಗಾದರೂ ಒಂದು ಮಾಸ್ಕ್ ಸರಿಯಾಗಿ ಹಾಕಿರೆಂದು ಸಿಸ್ಟರಿಗೆ ಎರಡು ಸಲ ಹೇಳಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದರೆ ಇಮಾಮಸಾಬ ನನ್ನ ಮಂಚದ ಮೇಲೆ ಕೂತಿದ್ದ. ಅವನ ಕೈ ಗಾದಿಯ ಹೊಲಿಗೆಯೊಳಗಿತ್ತು.

"ಏ, ಏನ್ ಮಾಡಾಕತ್ತೀ ಅಲ್ಲಿ?"

"ನಿಮ್ಮದರಾಗರ ಹತ್ತಿ ಐತೇನೋ ಅಂತ ನೋಡಾಕತ್ತಿದ್ದೆ," ಎಂದು ಕೈ ಹೊರಗೆ ತೆಗೆದ. ಅಂಗೈಯಲ್ಲಿ ಆರು ಗುಳಿಗೆ. ನನ್ನ ಮುಖ ನೋಡಿದ, ಗುಳಿಗೆ ನೋಡಿದ, ಬಾಗಿಲ ಕಡೆ ತಿರುಗಿ ಇಡೀ ವಾರ್ಡಿಗೆ ಕೇಳುವಂತೆ ಕರೆದ. "ಸಿಸ್ಟರ್, ಇಲ್ಲೆ ಬರ್ರಿ. ಈ ಗಾದ್ಯಾಗ ಹತ್ತಿ ಇಲ್ಲ, ಗುಳಗಿ ಅದಾವ."

ನಾನು ಬಾಯಿಗೆ ಬಂದಂತೆ ಬೈದೆ. ಅವನನ್ನು ಬೈದೆ, ಅವನ ಕಸುಬನ್ನು ಬೈದೆ, ಬರೆಯಲು ನಾಚಿಕೆಯಾಗುವ ಮಾತೆಲ್ಲ ಆಡಿದೆ. ಆತ ತನ್ನ ಮಂಚಕ್ಕೆ ಹೋಗಿ ಕೂತ. "ಬೈರಿ. ಬೈಯಾಕ ಉಸರ ಐತೆಲ್ಲ, ಅಷ್ಟ ಸಾಕು," ಎಂದ.

ಡಾಕ್ಟರು ಬಂದರು. ಹೆಣ್ಣುಮಗಳು, ದನಿ ಮಾತ್ರ ಗಟ್ಟಿ. ಸ್ಟೆಂಟ್ ಹಾಕಿ ಎಷ್ಟಾಯಿತು ಎಂದು ಕೇಳಿದರು. ಹತ್ತು ತಿಂಗಳು ಎಂದೆ.

"ಈ ಜಡ್ಡು ಮೊದಲೇ ರಕ್ತ ಗಟ್ಟಿ ಮಾಡತೈತ್ರಿ. ಸ್ಟೆಂಟ್ ಇದ್ದವರಿಗೆ ಇವೆರಡು ಗುಳಗಿ ಅಂದ್ರ ಅನ್ನಕ್ಕಿಂತ ಮೊದಲು. ಮೂರು ದಿವಸ ಬಿಟ್ಟೀರಿ. ನೀವು ಜ್ವರದಿಂದ ಸಾಯೂದಿಲ್ಲ, ಇದರಿಂದ ಸಾಯ್ತೀರಿ. ಯಾಕ ನುಂಗಿಲ್ಲ?"

ನಾನು ಗೋಡೆ ನೋಡುತ್ತಿದ್ದೆ. ಉತ್ತರ ಕೊಟ್ಟವನು ಇಮಾಮಸಾಬ. "ಇವರು ಘಳಗಿಗೊಮ್ಮೆ ಕೊರಳ ಮುಟ್ಟಿ ನೋಡ್ಕೋತಾರ್ರಿ ಮೇಡಂ. ಅಲ್ಲಿರಬೇಕಾದ್ದು ಇಲ್ಲ. ಅದಕ್ಕ ಉಣವಲ್ರು." ಆಮೇಲೆ ನನ್ನ ಕಡೆ ತಿರುಗಿ, "ನೀರ ಕುಡೀತೀರಿ. ನೀರಿನ ಜೋಡಿ ಗುಳಗಿ ಹೋದ್ರ ನಿಮ್ಮ ದೇವ್ರು ಹೊಟ್ಟ್ಯಾಗ ಕೈಹಾಕಿ ನೋಡತಾನೇನು?" ಎಂದ. ಮಾತು ಸರಿಯಾಗಿತ್ತು. ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಡಾಕ್ಟರು ನಗಲಿಲ್ಲ. "ದೇವರ ಮಾತು ನಾ ಆಡೂದಿಲ್ಲ. ನಿಮ್ಮ ಮನೆಯವರಿಗೆ ಫೋನ್ ಹಚ್ಚರಿ, ನಾ ಇಲ್ಲೇ ನಿಂತಿರ್ತೀನಿ," ಎಂದರು. ಫೋನನ್ನು ಎಲ್ಲರಿಗೂ ಕೇಳುವಂತೆ ಇಡಿಸಿದರು.

"ಉಂಡಿಲ್ಲೇನ್ರಿ?" ಗಿರಿಜಾ ಕೇಳಿದ ಮೊದಲ ಮಾತೇ ಅದು.

"ಹೆಂಗ ಉಣ್ಣಲಿ? ಕೊರಳಾಗ ಏನೈತಿ?"

"ಎಷ್ಟ ದಿವಸಾತು?"

"ಮೂರು."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ಹಂಗಾರ ಒಂದ ಮಾತ ಹೇಳ್ತೀನಿ, ಕೇಳ್ರಿ. ಆ ಹಾರ್ಟಿನ ದವಾಖಾನ್ಯಾಗ ನಿಮ್ಮ ತೋಳಿಗೆ ನಾ ಏನೂ ಕಟ್ಟಿರಲಿಲ್ಲ. ಅವರು ಬಿಡಲಿಲ್ಲ. ಎರಡ ದಿವಸ ಲಿಂಗ ನನ್ನ ಸೆರಗಿನ ಗಂಟಿನ್ಯಾಗಿತ್ತು. ನಿಮಗ ಸರಿಯಾಗಿ ಖಬರಿಲ್ಲದಾಗ ಚಮಚದಾಗ ಗಂಜಿ ಹಾಕೀನಿ, ಗುಳಗಿ ಅರದು ಕುಡಿಸೀನಿ. ಕಣ್ಣ ಬಿಡತೀರಿ ಅಂದಾಗ ತಂದು ಕಟ್ಟೀನಿ. ನಿಮ್ಮ ನೇಮ ಮುರದು ವರ್ಷ ಆಗಾಕ ಬಂತು. ಇನ್ನ ಉಣ್ರಿ."

ಇಡೀ ಕೋಣೆ ಕೇಳಿತು. ಊರ ತುಂಬ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದೆ, ಆಕೆ ಒಂದು ಸಲವೂ ತಡೆದಿರಲಿಲ್ಲ. ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಬೆಳಿಗ್ಗೆ ಹಂಚಿಹೋಗಿದ್ದ ಉಪ್ಪಿಟ್ಟಿನ ತಟ್ಟೆ ಎಳೆದುಕೊಂಡೆ. ಆಕೆಯನ್ನು ಬೈಯುತ್ತ ಉಂಡೆ, ಬೈಯುತ್ತಲೇ ಎರಡೂ ಗುಳಿಗೆ ನುಂಗಿದೆ. ನನ್ನ ಹಟ ಬಿಡಿಸಿದ್ದು ಬುದ್ಧಿಯಲ್ಲ, ಬರೀ ಸಿಟ್ಟು.

ಅದೇ ಮಧ್ಯಾಹ್ನ ಎದೆ ಹಿಡಿಯಿತು. ಬೆವರು ಕಣ್ಣಿಗಿಳಿಯಿತು, ದವಡೆಯವರೆಗೂ ನೋವು. ನನಗಿಂತ ಮೊದಲು ಕೂಗಿದವನು ಇಮಾಮಸಾಬ. ಹುಬ್ಬಳ್ಳಿಯಲ್ಲಿ ಅಂತೂ ಒಂದು ಹಾಸಿಗೆ ಸಿಕ್ಕಿತ್ತು. ಗಾಡಿಗೆ ಹಾಕುವಾಗ ಆತ ತನ್ನ ಮನೆಯಿಂದ ತಂದಿದ್ದ ತಲೆದಿಂಬನ್ನು ನನ್ನ ತಲೆಯ ಕೆಳಗೆ ತುರುಕಿದ. "ಇದರಾಗ ಹತ್ತಿ ಐತ್ರಿ," ಎಂದ. ದಾರಿಯುದ್ದಕ್ಕೂ ನನ್ನ ತಲೆ ಮಾತ್ರ ಆರಾಮವಾಗಿತ್ತು.

ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ತೆಗೆದರು. ಆವತ್ತೂ ಗುಳಿಗೆ ನುಂಗಿರದಿದ್ದರೆ ಇಲ್ಲಿಯವರೆಗೆ ಬರುತ್ತಿದ್ದಿರೋ ಇಲ್ಲವೋ ಎಂದರು. ಹೃದಯದ ಒಂದು ಭಾಗ ಮಾತ್ರ ತಿರುಗಿ ಬರಲಿಲ್ಲ. ಈಗ ನಾನು ಮೋಟರ್ ಎತ್ತುವುದಿರಲಿ, ತುಂಬಿದ ಕೊಡ ಎತ್ತುವಂತಿಲ್ಲ. ಮೂರು ದಿನದ ಹಟಕ್ಕೆ ನಾನು ಕೊಟ್ಟದ್ದು ಅದು.

ಇಮಾಮಸಾಬ ನನಗಿಂತ ಮೊದಲೇ ಮನೆ ಸೇರಿದ್ದ. ಫೋನ್ ಮಾಡಿ, "ನನ್ನ ತಲಿದಿಂಬ ಎಲ್ರಿ?" ಎಂದು ಕೇಳಿದ. ಆಸ್ಪತ್ರೆಯವರು ಅದನ್ನು ಸುಟ್ಟುಹಾಕಿದ್ದರು. ಹಾಗೆಂದು ಹೇಳಿದರೆ, "ಚಲೋ ಹತ್ತಿ ಇತ್ತು," ಎಂದು ಬೇಜಾರು ಮಾಡಿಕೊಂಡ. ನಾನು ಬೈದದ್ದರ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನಲು ಇಂದಿಗೂ ನನಗೆ ನಾಲಿಗೆ ಹೊರಳಿಲ್ಲ.

ಶೇಖಪ್ಪ ಮೋಸಂಬಿ ಹಿಡಿದುಕೊಂಡು ಮಾತಾಡಿಸಲು ಬಂದ. "ನೀ ಮುಟ್ಟಿದ್ದು ನಾ ಮುಟ್ಟಬಾರದು, ಒಯ್ಯಿ," ಎಂದು ಬಾಗಿಲಿನಿಂದಲೇ ಕಳಿಸಿದೆ.

ಗಿರಿಜಾ ನನ್ನ ಲಿಂಗವನ್ನು ಕೈಗಿಟ್ಟಳು. ಕಟ್ಟಿಕೊಂಡೆ. ಆದರೆ ಆಕೆಯ ಜೊತೆ ಮಾತು ಬಿಟ್ಟೆ. ಒಂದು ವಾರ, ಎರಡು ವಾರ. ಆಕೆ ಊಟಕ್ಕೆ ಕರೆದರೆ ಹೋಗಿ ಕೂರುತ್ತಿದ್ದೆ, ತಾಟಿನ ಬಾಜೂ ಗುಳಿಗೆ ಇಟ್ಟರೆ ನುಂಗುತ್ತಿದ್ದೆ. ಜೀವ ಉಳಿಸಿದವಳು ಎಂದು ಗೊತ್ತಿತ್ತು. ಆದರೂ ಆಕೆ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದವನು ತಡೆಯಲಾಗದೆ ಅಂದೆ, "ನಲವತ್ತ ವರ್ಷದ ನೇಮ ಮುರದಿ. ನನ್ನ ಕೇಳದ ಮುರದಿ. ಒಂದ ವರ್ಷ ಸುಳ್ಳ ಹೇಳಿದಿ."

ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ನನ್ನ ಕೊರಳಾಗೂ ಲಿಂಗ ಐತ್ರಿ."

"ಅದಕ್ಕ ಅಂತೀನಿ. ನಿನಗರ ಗೊತ್ತಿರಬೇಕಿತ್ತು."

"ನಾ ಯಾವಾಗ ಪೂಜಿ ಮಾಡ್ಕೋತೀನಿ, ಹೇಳ್ರಿ ನೋಡೂಣು."

"ಮುಂಜಾನೆ," ಎಂದು ಅಂದಾಜಿನ ಮೇಲೆ ಅಂದೆ.

"ಈ ಮನಿಗೆ ಬಂದು ಮೂವತ್ತ ವರ್ಷಾತು," ಎಂದಳು. "ಎದ್ದ ಕೂಡಲೆ ನಿಮಗ ನೀರ ಕಾಸಬೇಕು. ಪತ್ರಿ, ಹೂವಾ ತಂದಿಡಬೇಕು. ನೀವು ಪೂಜಿಯಿಂದ ಏಳೂದ್ರಾಗ ರೊಟ್ಟಿ ಪಲ್ಲೆ ಆಗಿರಬೇಕು. ಪಲ್ಲೇಕ ಉಪ್ಪು ಹೆಚ್ಚುಕಡಿಮಿ ಆದ್ರ ತಾಟ ಸರಸತೀರಿ, ಅದಕ್ಕ ಮದ್ಲ ನಾ ರುಚಿ ನೋಡಬೇಕು. ನೋಡಿದ್ರ ನನ್ನ ನೇಮ ಹೋತು. ದಿನಾ ಹೋಗತೈತಿ. ನನ್ನ ಪೂಜಿ ನಿಮ್ಮದೆಲ್ಲಾ ಮುಗದ ಮ್ಯಾಲ, ಆದ್ರ ಆತು, ಇಲ್ಲಂದ್ರ ಇಲ್ಲ. ನಾ ಯಾರ ಮ್ಯಾಲ ಸಿಟ್ಟಾಗಲಿ?"

ಸಿಟ್ಟಿನಿಂದ ಹೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುಗಿಸಿ ಹಾಕಿದಳು. ನಾನು ಗೋಡೆಗೆ ಆತು ಕೂತೆ. ಅಷ್ಟು ನಾಚಿಕೆ ನನಗೆ ಆ ವಾರ್ಡಿನಲ್ಲಿ, ಹತ್ತು ಜನರೆದುರಿಗೂ ಆಗಿರಲಿಲ್ಲ.

ಮರುದಿನ ಆಕೆಗಿಂತ ಮೊದಲು ಎದ್ದೆ. ಒಲೆ ಹಚ್ಚಿ ನೀರಿಟ್ಟೆ. ಕಾದ ಮೇಲೆ ಇಳಿಸಲು ಆಗಲಿಲ್ಲ, ಆಕೆಯನ್ನೇ ಎಬ್ಬಿಸಬೇಕಾಯಿತು. "ನೀರ ಕಾದಾವು. ಇವು ನಿನಗ. ಮದ್ಲ ನಿನ್ನ ಪೂಜಿ ಮುಗಿಸು," ಎಂದೆ. ಆಕೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

"ಆರಾಮ ಇಲ್ಲೇನ್ರಿ?"

ಆರಾಮ ಇದ್ದೀನಿ ಎಂದು ಗದರಿದೆ. ಆಕೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಕೂತಳು. ನಾನು ಬಾಗಿಲಲ್ಲಿ ಕೂತೆ. ಮೂವತ್ತು ವರ್ಷದಲ್ಲಿ ಆಕೆ ಪೂಜೆಗೆ ಕೂತದ್ದನ್ನು ನಾನು ನೋಡಿದ್ದೇ ಅಂದು. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತೆರೆದಳು.

"ಗುಳಗಿ ನುಂಗೀರೇನು?"

"ನಿಂದು ಮುಗೀಲಿ. ಆಮ್ಯಾಲ ನನ್ನ ಜಳಕ, ಪೂಜಿ, ಊಟಾ. ಆಮ್ಯಾಲ ಗುಳಗಿ."

"ಹೊತ್ತಾಗತೈತಿ. ಮದ್ಲ ನುಂಗ್ರಿ. ನೀವು ನುಂಗೂತನಕ ನನಗ ಧ್ಯಾನ ಹತ್ತೂದಿಲ್ಲ."

ಎದ್ದು ಅಡಿಗೆಮನೆಗೆ ಹೋದೆ. ಬುಟ್ಟಿಯಲ್ಲಿ ನಿನ್ನೆಯ ರೊಟ್ಟಿ ಇತ್ತು. ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಒಂದು ತುಂಡು ಮುರಿದು ತಿಂದೆ, ಎರಡೂ ಗುಳಿಗೆ ನುಂಗಿ ನೀರು ಕುಡಿದೆ. ಬಂದು ಬಾಗಿಲಲ್ಲಿ ನಿಂತು, "ನುಂಗಿದೆ," ಎಂದೆ.

ಗಿರಿಜಾ ಕಣ್ಣು ಮುಚ್ಚಿದಳು.